ಕಾರ್ಬೊರೇಟರ್‌ನಿಂದ ಪೆಟ್ರೋಲ್ ಸೋರುತ್ತಿದೆ, ಎರಡು ಸಲ ನೀಡಲ್ ಬದಲಾಯಿಸಿದರೂ ನಿಂತಿಲ್ಲ

ಎರಡು_ಸಿಲಿಂಡರ್ · ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಎರಡು ಸಿಲಿಂಡರ್ ಬೈಕು, ಎರಡು ಕಾರ್ಬೊರೇಟರ್ ಅಕ್ಕಪಕ್ಕ ಕೂತಿವೆ. ಒಂದೂವರೆ ವರ್ಷ ನಿಂತಲ್ಲೇ ನಿಂತಿತ್ತು. ಎರಡು ತಿಂಗಳ ಹಿಂದೆ ಹಳೇ ಪೆಟ್ರೋಲ್ ಬಸಿದು, ಟ್ಯಾಂಕ್ ತೊಳೆದು, ಕಾರ್ಬೊರೇಟರ್ ಎರಡನ್ನೂ ಬಿಚ್ಚಿ ಕ್ಲೀನ್ ಮಾಡಿ ಸ್ಟಾರ್ಟ್ ಮಾಡಿದೆ. ಗಾಡಿ ಚೆನ್ನಾಗಿಯೇ ಓಡುತ್ತಿದೆ. ಪಿಕಪ್ ಇದೆ, ಐಡ್ಲಿಂಗ್ ನಿಲ್ಲುತ್ತದೆ.

ತೊಂದರೆ ನಿಲ್ಲಿಸಿದ ಮೇಲೆ. ಸಂಜೆ ನಿಲ್ಲಿಸಿದರೆ ಬೆಳಿಗ್ಗೆ ಎಡಗಡೆ ಕಾರ್ಬೊರೇಟರ್ ಕೆಳಗೆ ನೆಲ ಒದ್ದೆ. ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ ಮುಖಕ್ಕೆ ಹೊಡೆಯುತ್ತದೆ. ಫ್ಲೋಟ್ ನೀಡಲ್, ಅಂದರೆ ಪೆಟ್ರೋಲ್ ಮಟ್ಟ ಏರಿದಾಗ ತೇಲುವ ಫ್ಲೋಟ್ ಒತ್ತಿ ಪೆಟ್ರೋಲ್ ಬರುವ ದಾರಿ ಮುಚ್ಚಿಸುವ ಸೂಜಿ, ಸವೆದಿದೆ ಅಂತ ಎಲ್ಲರೂ ಹೇಳಿದರು. ರಿಪೇರಿ ಕಿಟ್ ತಂದು ಹೊಸ ನೀಡಲ್ ಹಾಕಿದೆ. ನಿಲ್ಲಲಿಲ್ಲ. ಕಿಟ್ ಸರಿ ಇಲ್ಲವೇನೋ ಅಂತ ಇನ್ನೊಂದು ತಂದು ಹಾಕಿದೆ. ಈಗಲೂ ಹಾಗೇ ಇದೆ. ಮೂರನೇ ಸಲ ಬಿಚ್ಚುವ ಮೊದಲು ಕೇಳೋಣ ಅಂತ ಬರೆದೆ. ಏನು ನೋಡಬೇಕು?

ಹಳೇ_ಗ್ಯಾರೇಜ್ · ಶನಿವಾರ ಬೆಳಿಗ್ಗೆ

ಮೊದಲು ಒಂದು ಮಾತು. ಮುಚ್ಚಿದ ಜಾಗದಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಅಲ್ಲಿ ಲೈಟ್ ಸ್ವಿಚ್ ಕೂಡ ಒತ್ತಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಬಾಗಿಲು ತೆಗೆದು ಗಾಳಿ ಆಡಲು ಬಿಡಿ. ಗಾಡಿಯನ್ನು ಹೊರಗೆ ತಳ್ಳಿ. ರಿಪೇರಿ ಮುಗಿಯುವವರೆಗೆ ರಾತ್ರಿ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಆಫ್ ಮಾಡಿಯೇ ಮಲಗಿ.

ಇನ್ನು ಕೆಲಸದ ವಿಷಯ. "ಕಾರ್ಬೊರೇಟರ್ ಸೋರುತ್ತಿದೆ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಎಲ್ಲಿಂದ ಸೋರುತ್ತಿದೆ? ಬೌಲ್‌ನ (ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ) ಅಂಚಿನಿಂದಲಾ, ಓವರ್‌ಫ್ಲೋ ಪೈಪ್‌ನಿಂದಲಾ, ಪೆಟ್ರೋಲ್ ಪೈಪ್ ಸೇರುವ ಜಾಗದಲ್ಲಾ, ಎರಡು ಕಾರ್ಬೊರೇಟರ್ ನಡುವಿನ ಟಿ ಜಾಯಿಂಟ್‌ನಲ್ಲಾ? ಮೇಲೆ ಎಲ್ಲೋ ಸೋರಿದ್ದು ಬೌಲ್ ಮೇಲೆ ಇಳಿದು ಕೆಳಗಿನ ಸ್ಕ್ರೂ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ನೋಡಿದವರು ಬೌಲ್ ಸೋರುತ್ತಿದೆ ಅಂದುಕೊಳ್ಳುತ್ತಾರೆ.

ಹೊರಗೆಲ್ಲ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಬ್ರಷ್‌ನಿಂದ ತೆಳ್ಳಗೆ ಸವರಿ. ಕಾಕ್ ಆನ್ ಮಾಡಿ ಪಕ್ಕದಲ್ಲೇ ಕೂತು ನೋಡಿ. ಮೊದಲು ಎಲ್ಲಿ ಪುಡಿ ಒದ್ದೆಯಾಗಿ ಬಣ್ಣ ಬದಲಾಗುತ್ತದೋ ಅದೇ ಜಾಗ. ಹತ್ತು ನಿಮಿಷದ ಕೆಲಸ. ಅದು ಗೊತ್ತಾಗದೆ ಯಾವ ಪಾರ್ಟೂ ತರಬೇಡಿ.

ಇನ್ನೆರಡು ಪ್ರಶ್ನೆ. ಸೈಡ್ ಸ್ಟ್ಯಾಂಡ್‌ನಲ್ಲಿ ಮಾತ್ರಾ, ಸೆಂಟರ್ ಸ್ಟ್ಯಾಂಡ್‌ನಲ್ಲೂ ಸೋರುತ್ತದಾ? ಕಾಕ್ ಆಫ್ ಮಾಡಿದರೆ ಏನಾಗುತ್ತದೆ?

ನಿಧಾನ_ಸವಾರಿ · ಶನಿವಾರ ಮಧ್ಯಾಹ್ನ

ನನ್ನ ಗಾಡಿಯಲ್ಲೂ ಇದೇ ಆಗಿತ್ತು. ಫ್ಲೋಟ್‌ನ ಹಿತ್ತಾಳೆ ನಾಲಿಗೆ ಇರುತ್ತಲ್ಲ, ನೀಡಲ್ ಒತ್ತುವ ಭಾಗ, ಅದನ್ನು ಒಂಚೂರು ಬಗ್ಗಿಸಿದೆ. ನೀಡಲ್ ಬೇಗ ಮುಚ್ಚುತ್ತದೆ, ಬೌಲ್‌ನಲ್ಲಿ ಪೆಟ್ರೋಲ್ ಕಡಿಮೆ ನಿಲ್ಲುತ್ತದೆ. ಸೋರುವುದು ನಿಂತಿತು. ನೀವೂ ಮಾಡಿ ನೋಡಿ.

ಹಳೇ_ಗ್ಯಾರೇಜ್ · ಶನಿವಾರ ಮಧ್ಯಾಹ್ನ

ನಿಧಾನ_ಸವಾರಿ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ನಾನು ಒಪ್ಪುವುದಿಲ್ಲ. ಬೌಲ್‌ನಲ್ಲಿ ಪೆಟ್ರೋಲ್ ಎಷ್ಟು ಎತ್ತರ ನಿಲ್ಲಬೇಕು ಅನ್ನುವುದನ್ನು ಲೆಕ್ಕ ಹಾಕಿಯೇ ಜೆಟ್‌ಗಳನ್ನು, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳನ್ನು, ಕೂರಿಸಿರುತ್ತಾರೆ. ಮಟ್ಟ ಇಳಿದರೆ ಗಾಳಿ-ಪೆಟ್ರೋಲ್ ಮಿಕ್ಸ್ಚರ್ ತೆಳುವಾಗುತ್ತದೆ. ಪಿಕಪ್‌ನಲ್ಲಿ ತಡವರಿಸುತ್ತದೆ, ದೂರ ಓಡಿಸಿದರೆ ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ. ಬರೀ 1 ಮಿಲಿಮೀಟರ್ ವ್ಯತ್ಯಾಸ ಕೂಡ ಓಡಿಸುವಾಗ ಗೊತ್ತಾಗುತ್ತದೆ. ನಿಮ್ಮ ಗಾಡಿಯಲ್ಲಿ ಮಟ್ಟ ಮೊದಲೇ ಜಾಸ್ತಿ ಇದ್ದಿದ್ದರೆ ನೀವು ಮಾಡಿದ್ದು ಸರಿ. ಅಳತೆ ಮಾಡದೆ ಬಗ್ಗಿಸಿದ್ದರೆ ರೋಗವನ್ನು ಮುಚ್ಚಿಟ್ಟ ಹಾಗೆ ಆಯಿತು.

ನಿಧಾನ_ಸವಾರಿ · ಶನಿವಾರ ಸಂಜೆ

ಅಳತೆ ಮಾಡಿರಲಿಲ್ಲ. ಹೇಗೆ ಅಳೆಯುವುದು? ಫ್ಲೋಟ್ ಎತ್ತರವನ್ನು ಸ್ಕೇಲ್ ಇಟ್ಟು ನೋಡುವುದಾ?

ಸ್ಪ್ಯಾನರ್_ಅಕ್ಕ · ಶನಿವಾರ ರಾತ್ರಿ

ಎರಡು ದಾರಿ ಇದೆ. ಸ್ಕೇಲ್ ಇಡುವುದು ಬೌಲ್ ಬಿಚ್ಚಿದಾಗ. ಅದರಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ನೀಡಲ್‌ನ ಹಿಂದೆ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇರುತ್ತದೆ. ಕಾರ್ಬೊರೇಟರನ್ನು ತಲೆಕೆಳಗೆ ಇಟ್ಟರೆ ಫ್ಲೋಟ್‌ನ ತೂಕಕ್ಕೆ ಆ ಪಿನ್ ಒಳಗೆ ಹೋಗಿಬಿಡುತ್ತದೆ, ಅಳತೆ ತಪ್ಪುತ್ತದೆ. ಕಾರ್ಬೊರೇಟರನ್ನು ಓರೆಯಾಗಿ ಹಿಡಿಯಬೇಕು. ಫ್ಲೋಟ್ ಮೆಲ್ಲಗೆ ಬಂದು ನಾಲಿಗೆ ಪಿನ್‌ಗೆ ತಾಗಬೇಕು, ಪಿನ್ ಕುಸಿಯಬಾರದು. ಆ ಕ್ಷಣದಲ್ಲಿ ಅಳೆಯಬೇಕು. ಎಷ್ಟಿರಬೇಕು ಅನ್ನುವುದು ಒಂದೊಂದು ಗಾಡಿಗೆ ಒಂದೊಂದು, ಸರ್ವಿಸ್ ಪುಸ್ತಕದಲ್ಲೇ ನೋಡಿ.

ನನಗೆ ಇಷ್ಟವಾಗುವುದು ಎರಡನೇ ದಾರಿ. ಬೌಲ್ ಕೆಳಗಿನ ಡ್ರೈನ್ ಮೂತಿಗೆ ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ. ಅದನ್ನು ಬಗ್ಗಿಸಿ ಬೌಲ್ ಪಕ್ಕದಲ್ಲೇ ಮೇಲಕ್ಕೆ ಹಿಡಿಯಿರಿ. ಡ್ರೈನ್ ಸ್ಕ್ರೂ ಸಡಿಲ ಮಾಡಿ, ಕಾಕ್ ಆನ್ ಮಾಡಿ. ಒಳಗೆ ಪೆಟ್ರೋಲ್ ಎಷ್ಟಿದೆಯೋ ಪೈಪ್‌ನಲ್ಲೂ ಅಷ್ಟೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಬೌಲ್ ಮತ್ತು ಕಾರ್ಬೊರೇಟರ್ ಸೇರುವ ಗೆರೆಯಿಂದ ಎಷ್ಟು ಕೆಳಗಿದೆ ಅಂತ ಅಳೆಯಿರಿ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ನೆಟ್ಟಗಿರಬೇಕು. ಸ್ಕೇಲ್ ಹೇಳುವುದು ಫ್ಲೋಟ್‌ನ ಸುದ್ದಿ ಮಾತ್ರ. ಪೈಪ್ ಹೇಳುವುದು ಫ್ಲೋಟ್, ನೀಡಲ್, ನೀಡಲ್ ಕೂತು ಮುಚ್ಚುವ ಸೀಟ್ ಎಲ್ಲ ಸೇರಿ ಮಾಡುತ್ತಿರುವ ಕೆಲಸದ ಸುದ್ದಿ. ಪೆಟ್ರೋಲ್ ಒಂದು ಕಡೆ ನಿಲ್ಲದೆ ನಿಧಾನವಾಗಿ ಏರುತ್ತಲೇ ಇದ್ದರೆ ನೀಡಲ್ ಮುಚ್ಚುತ್ತಿಲ್ಲ ಅಂತ ಅರ್ಥ.

ಎರಡು_ಸಿಲಿಂಡರ್ · ಭಾನುವಾರ ಮಧ್ಯಾಹ್ನ

ಇಬ್ಬರಿಗೂ ಥ್ಯಾಂಕ್ಸ್. ಬೆಳಿಗ್ಗೆಯಿಂದ ಅದರ ಮುಂದೆಯೇ ಕೂತಿದ್ದೆ. ಸೀಮೆಸುಣ್ಣದ ಪುಡಿ ಎಲ್ಲೂ ಒದ್ದೆ ಆಗಲಿಲ್ಲ. ಹನಿ ಬರುತ್ತಿರುವುದು ಎಡಗಡೆಯ ಓವರ್‌ಫ್ಲೋ ಪೈಪ್‌ನ ತುದಿಯಿಂದಲೇ. ಸುಮಾರು ಐದು ಸೆಕೆಂಡಿಗೆ ಒಂದು ಹನಿ. ಸೈಡ್ ಸ್ಟ್ಯಾಂಡ್, ಸೆಂಟರ್ ಸ್ಟ್ಯಾಂಡ್ ಎರಡರಲ್ಲೂ ಇದೆ, ಸೈಡ್ ಸ್ಟ್ಯಾಂಡ್‌ನಲ್ಲಿ ಸ್ವಲ್ಪ ಜೋರು.

ಅಕ್ಕ ಹೇಳಿದ ಹಾಗೆ ಪೈಪ್ ಹಾಕಿ ಅಳೆದೆ. ಬಲಗಡೆ ಗೆರೆಯಿಂದ 3.5 ಮಿಲಿಮೀಟರ್ ಕೆಳಗೆ. ಪುಸ್ತಕದಲ್ಲೂ ಅಷ್ಟೇ ಇದೆ. ಎಡಗಡೆ 3 ಮಿಲಿಮೀಟರ್ ಕೆಳಗೆ, ಅಂದರೆ ಅರ್ಧ ಮಿಲಿಮೀಟರ್ ಜಾಸ್ತಿ. ಆದರೆ ಅಲ್ಲೇ ನಿಂತಿತು. ಅರ್ಧ ಗಂಟೆ ನೋಡಿದೆ, ಏರಲಿಲ್ಲ. ಹಾಗಾದರೆ ನೀಡಲ್ ಸರಿಯಾಗಿಯೇ ಮುಚ್ಚುತ್ತಿದೆ ಅಲ್ವಾ? ಮತ್ತೆ ಸೋರುವುದು ಯಾಕೆ?

ಇನ್ನೊಂದು ವಿಚಿತ್ರ. ಕಾಕ್ ಆಫ್ ಮಾಡಿದ ಮೇಲೂ ಸುಮಾರು ಹೊತ್ತು ಹನಿ ಬರುತ್ತಲೇ ಇತ್ತು.

ಹಳೇ_ಗ್ಯಾರೇಜ್ · ಭಾನುವಾರ ಮಧ್ಯಾಹ್ನ

ಈ ಕೊನೆಯ ಸಾಲಿನಲ್ಲೇ ಉತ್ತರ ಇದೆ!

ಬೌಲ್ ಒಳಗೆ ನೆಟ್ಟಗೆ ನಿಂತ ಸಣ್ಣ ಹಿತ್ತಾಳೆ ಕೊಳವೆ ಇದೆಯಲ್ಲ, ಅದೇ ಓವರ್‌ಫ್ಲೋ. ಅದರ ಮೇಲಿನ ಬಾಯಿ ಪೆಟ್ರೋಲ್ ಮಟ್ಟಕ್ಕಿಂತ ಮೇಲೆ ಇರುತ್ತದೆ. ನೀಡಲ್ ಮುಚ್ಚದೆ ಮಟ್ಟ ಏರಿದರೆ ಆ ಬಾಯಿಯಿಂದ ಇಳಿದು ಹೊರಗೆ ಹೋಗುತ್ತದೆ. ಇಂಜಿನ್ ಒಳಗೆ ಹೋಗದಿರಲಿ ಅಂತ ಮಾಡಿದ ದಾರಿ ಅದು. ಈಗ ಯೋಚಿಸಿ. ನೀಡಲ್ ತೊಂದರೆ ಇದ್ದರೆ ಕಾಕ್ ಆಫ್ ಮಾಡಿದ ಕೂಡಲೇ ಹೊಸ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಪೈಪ್‌ನಲ್ಲಿ ಉಳಿದಿದ್ದು ನಾಲ್ಕು ಹನಿ ಬಂದು, ಮಟ್ಟ ಕೊಳವೆಯ ಬಾಯಿಗಿಂತ ಕೆಳಗೆ ಇಳಿದ ತಕ್ಷಣ ಸೋರಿಕೆ ನಿಲ್ಲಬೇಕು. ಬೌಲ್ ತುಂಬಿಯೇ ಇರಬೇಕು. ನಿಮ್ಮದು ನಿಂತಿಲ್ಲ. ಅಂದರೆ ಬೌಲ್‌ನಲ್ಲಿ ಇದ್ದದ್ದೇ ಖಾಲಿಯಾಗುತ್ತಿದೆ. ಕೊಳವೆಯ ಮೈಯಲ್ಲಿ ಎಲ್ಲೋ ಬಿರುಕು ಬಿಟ್ಟಿರಬೇಕು.

ಖಚಿತ ಮಾಡಿಕೊಳ್ಳಿ. ಕಾಕ್ ಆನ್ ಮಾಡಿ ಎರಡೂ ಬೌಲ್ ತುಂಬಿಸಿ. ಕಾಕ್ ಆಫ್ ಮಾಡಿ. ಎರಡು ಗಂಟೆ ಬಿಡಿ. ಆಮೇಲೆ ಎರಡರ ಡ್ರೈನ್ ಸ್ಕ್ರೂ ತೆಗೆದು ಎಷ್ಟು ಬರುತ್ತದೆ ಅಂತ ಬೇರೆ ಬೇರೆಯಾಗಿ ಅಳೆಯಿರಿ.

ಪಿಸ್ಟನ್_ಪ್ರಿಯ · ಭಾನುವಾರ ಸಂಜೆ

ಡ್ರೈನ್ ಸ್ಕ್ರೂ ಸರಿಯಾಗಿ ಕೂರದಿದ್ದರೂ ಹೀಗೇ ಆಗುತ್ತದೆ ಅಲ್ವಾ ಸರ್? ತುಂಬಾ ಕಾರ್ಬೊರೇಟರ್‌ಗಳಲ್ಲಿ ಡ್ರೈನ್ ಮತ್ತು ಓವರ್‌ಫ್ಲೋ ಎರಡೂ ಒಂದೇ ಮೂತಿಯಿಂದ ಹೊರಗೆ ಬರುತ್ತವೆ. ಸ್ಕ್ರೂ ತುದಿಯಲ್ಲಿ ಕಸ ಕೂತಿದ್ದರೆ ನೋಡುವವರಿಗೆ ಓವರ್‌ಫ್ಲೋ ಥರಾನೇ ಕಾಣುತ್ತದೆ.

ಹಳೇ_ಗ್ಯಾರೇಜ್ · ಭಾನುವಾರ ಸಂಜೆ

ಸರಿಯಾಗಿ ಹೇಳಿದಿರಿ, ನಾನು ಬಿಟ್ಟಿದ್ದೆ. ಅದಕ್ಕೂ ಅಳತೆಯಲ್ಲೇ ಸುಳಿವು ಸಿಗುತ್ತದೆ. ಡ್ರೈನ್ ತೂತು ಬೌಲ್‌ನ ತಳದಲ್ಲಿ ಇರುತ್ತದೆ. ಸ್ಕ್ರೂ ಸೋರುತ್ತಿದ್ದರೆ ಬೌಲ್ ಹೆಚ್ಚುಕಡಿಮೆ ಪೂರ್ತಿ ಖಾಲಿ ಆಗುತ್ತದೆ. ಕೊಳವೆಯ ಬಿರುಕು ತಳದಿಂದ ಮೇಲೆ ಶುರುವಾಗಿದ್ದರೆ ಆ ಎತ್ತರದವರೆಗೆ ಪೆಟ್ರೋಲ್ ಉಳಿಯುತ್ತದೆ.

ಎರಡು_ಸಿಲಿಂಡರ್ · ಭಾನುವಾರ ರಾತ್ರಿ

ಬಲಗಡೆ 52 ಮಿಲಿಲೀಟರ್. ಎಡಗಡೆ 17.

ಸ್ಪ್ಯಾನರ್_ಅಕ್ಕ · ಭಾನುವಾರ ರಾತ್ರಿ

ಕೊಳವೆಯೇ. ನೀವು ಬದಲಾಯಿಸಿದ ಎರಡು ನೀಡಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ನಾಳೆ ಬೌಲ್ ಬಿಚ್ಚುವಾಗ ಸ್ಕ್ರೂ ವಿಷಯದಲ್ಲಿ ಹುಷಾರು. ಜಪಾನಿನ ಗಾಡಿಗಳ ಸ್ಕ್ರೂ ತಲೆ ನೋಡಲು ಮಾಮೂಲಿ ಸ್ಟಾರ್ ಥರ ಇರುತ್ತದೆ, ಆದರೆ ಜೆಐಎಸ್, ಅಂದರೆ ಜಪಾನಿನದೇ ಅಳತೆಯದು. ತಲೆಯ ಮೇಲೆ ಸಣ್ಣ ಚುಕ್ಕೆ ಇದ್ದರೆ ಅದೇ. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ತಿರುಗಿಸಿದರೆ ಮೇಲೆದ್ದು ತಲೆಯನ್ನು ತಿಂದುಹಾಕುತ್ತದೆ. ಜೆಐಎಸ್ ಬಿಟ್ ಒಂದು ತಗೊಳ್ಳಿ. ಫ್ಲೋಟ್ ತೆಗೆಯುವ ಅಗತ್ಯ ಬಿದ್ದರೆ ಫ್ಲೋಟ್ ತೂಗುವ ಪಿನ್ ಹಿಡಿದಿರುವ ಎರಡು ಕಂಬಗಳನ್ನು ನೋಡಿಕೊಳ್ಳಿ. ಅವು ಎರಕದವು, ತಟ್ ಅಂತ ಮುರಿಯುತ್ತವೆ. ಪಿನ್‌ನ ಒಂದು ತುದಿ ದಪ್ಪ ಇದ್ದರೆ ಆ ಕಡೆಗೇ ಹೊರಬರಬೇಕು. ಕಂಬದ ಹಿಂದೆ ಬೆರಳಿನ ಆಸರೆ ಕೊಟ್ಟು ಮೆಲ್ಲಗೆ ತಳ್ಳಿ. ಸುತ್ತಿಗೆ ಹತ್ತಿರ ಇಟ್ಟುಕೊಳ್ಳಲೇಬೇಡಿ.

ಹೊಸ_ಸವಾರ · ಸೋಮವಾರ ಬೆಳಿಗ್ಗೆ

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಗಾಡಿ ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಆದರೆ ಪೆಟ್ರೋಲ್ ಕಡಿಮೆ ಆಗುತ್ತಿದೆ. ನಿನ್ನೆ ಇಂಜಿನ್ ಆಯಿಲ್ ನೋಡಿದರೆ ಮೇಲಿನ ಗುರುತನ್ನೂ ದಾಟಿದೆ. ನಾನು ಆಯಿಲ್ ಹಾಕಿಯೇ ಇಲ್ಲ. ಇದೂ ಕಾರ್ಬೊರೇಟರ್ ತೊಂದರೆಯಾ?

ಹಳೇ_ಗ್ಯಾರೇಜ್ · ಸೋಮವಾರ ಬೆಳಿಗ್ಗೆ

ಸ್ಟಾರ್ಟ್ ಮಾಡಬೇಡಿ. ಸೆಲ್ಫ್ ಬಟನ್ ಮುಟ್ಟಬೇಡಿ, ಕಿಕ್ ಕೂಡ ಹೊಡೆಯಬೇಡಿ. ಮೊದಲು ಕಾಕ್ ಆಫ್ ಮಾಡಿ ಬನ್ನಿ, ಆಮೇಲೆ ಮುಂದೆ ಓದಿ.

ಪೆಟ್ರೋಲ್ ನಿಮ್ಮ ಇಂಜಿನ್ ಒಳಗೆ ಹೋಗುತ್ತಿದೆ. ಓವರ್‌ಫ್ಲೋ ಪೈಪ್ ಕಟ್ಟಿಕೊಂಡಿದ್ದರೆ, ಅಥವಾ ಆ ಕಾರ್ಬೊರೇಟರ್‌ಗೆ ಓವರ್‌ಫ್ಲೋ ಕೊಳವೆಯೇ ಇಲ್ಲದಿದ್ದರೆ, ಏರಿದ ಪೆಟ್ರೋಲ್ ಇನ್‌ಟೇಕ್ ದಾರಿಯಲ್ಲಿ ಹರಿಯುತ್ತದೆ. ವಾಲ್ವ್ ತೆರೆದಿದ್ದರೆ ಸಿಲಿಂಡರ್‌ಗೆ ಇಳಿಯುತ್ತದೆ. ಅಲ್ಲಿಂದ ಪಿಸ್ಟನ್ ರಿಂಗ್ ಸಂದಿಯಲ್ಲಿ ನುಸುಳಿ ಆಯಿಲ್‌ಗೆ ಸೇರುತ್ತದೆ. ಆಯಿಲ್ ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬರುತ್ತದೆ. ಆ ಆಯಿಲ್ ನೀರಿನ ಹಾಗೆ ತೆಳ್ಳಗಾಗಿರುತ್ತದೆ, ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಸಿಲಿಂಡರ್‌ನಲ್ಲಿ ಪೆಟ್ರೋಲ್ ತುಂಬಿ ನಿಂತಿದ್ದರೆ ಪಿಸ್ಟನ್ ಮೇಲೆ ಬರಲು ಜಾಗ ಇರುವುದಿಲ್ಲ. ಗಾಳಿಯನ್ನು ಒತ್ತಬಹುದು, ದ್ರವವನ್ನು ಒತ್ತಲು ಆಗುವುದಿಲ್ಲ. ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹಾಗೆ ಬಗ್ಗಿದ ರಾಡ್ ಒಂದನ್ನು ನಾನೇ ಕೈಯಾರೆ ಹೊರಗೆ ತೆಗೆದಿದ್ದೇನೆ. ಹತ್ತು ನಿಮಿಷ ತಾಳ್ಮೆ ಇದ್ದಿದ್ದರೆ ಉಳಿಯುತ್ತಿದ್ದ ಇಂಜಿನ್ ಅದು.

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ತಂತಿ ತೆಗೆದು, ಪ್ಲಗ್ ಬಿಚ್ಚಿ. ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮಬಹುದು, ಮುಖ ದೂರ ಇರಲಿ, ಬಟ್ಟೆ ಅಡ್ಡ ಹಿಡಿಯಿರಿ. ಆಯಿಲ್ ಪೂರ್ತಿ ಬದಲಾಯಿಸಿ. ಏರ್ ಫಿಲ್ಟರ್ ಡಬ್ಬ ತೆಗೆದು ನೋಡಿ, ಅಲ್ಲೂ ಪೆಟ್ರೋಲ್ ನಿಂತಿರಬಹುದು. ಓವರ್‌ಫ್ಲೋ ಪೈಪ್‌ನ ತುದಿಯನ್ನೂ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಬಹಳ ಇಷ್ಟ.

ಪಿಸ್ಟನ್_ಪ್ರಿಯ · ಸೋಮವಾರ ಬೆಳಿಗ್ಗೆ

ಹೊಸ_ಸವಾರ ಅವರೇ, ನಿಮ್ಮ ಕಾಕ್‌ಗೆ ಇನ್ನೊಂದು ತೆಳು ಪೈಪ್ ಇನ್‌ಟೇಕ್ ಕಡೆಯಿಂದ ಬಂದಿದೆಯಾ? ಇದ್ದರೆ ಅದು ವ್ಯಾಕ್ಯೂಮ್ ಕಾಕ್. ಇಂಜಿನ್ ಓಡುವಾಗ ಮಾತ್ರ ತೆರೆದುಕೊಳ್ಳುವಂಥದ್ದು. ಒಳಗಿನ ರಬ್ಬರ್ ಪರದೆ ಹರಿದಿದ್ದರೆ ಆ ತೆಳು ಪೈಪ್ ಒಳಗಿಂದಲೇ ಪೆಟ್ರೋಲ್ ಇನ್‌ಟೇಕ್‌ಗೆ ಹೋಗುತ್ತದೆ. ಕಾರ್ಬೊರೇಟರ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಪೈಪನ್ನು ಇನ್‌ಟೇಕ್ ಕಡೆಯಿಂದ ಬಿಚ್ಚಿ ನೋಡಿ. ಒಳಗೆ ಪೆಟ್ರೋಲ್ ಇದ್ದರೆ ಅದೇ ಕಾರಣ. ಆ ಪೈಪ್ ಯಾವಾಗಲೂ ಒಣಗಿರಬೇಕು. ಅಂಥ ಕಾಕ್‌ನಲ್ಲಿ ಪ್ರೈಮ್ ಅಂತ ಒಂದು ಸ್ಥಾನ ಇರುತ್ತದೆ. ಅದರಲ್ಲಿ ಇಟ್ಟು ಮರೆತರೆ ಇಂಜಿನ್ ನಿಂತಿದ್ದರೂ ಪೆಟ್ರೋಲ್ ಹರಿಯುತ್ತಲೇ ಇರುತ್ತದೆ.

ಹೊಸ_ಸವಾರ · ಸೋಮವಾರ ಸಂಜೆ

ತೆಳು ಪೈಪ್ ಬಿಚ್ಚಿದೆ. ಪೆಟ್ರೋಲ್ ಧಾರೆಯಾಗಿ ಇಳಿಯಿತು. ಕಾಕ್ ಬಿಚ್ಚಿದರೆ ಪರದೆಯಲ್ಲಿ ಉಗುರು ತೂರುವಷ್ಟು ಸೀಳು. ಪ್ಲಗ್ ತೂತಿನಿಂದಲೂ ಸ್ವಲ್ಪ ಪೆಟ್ರೋಲ್ ಬಂತು. ಬಟನ್ ಒತ್ತದೆ ಇಲ್ಲಿ ಕೇಳಿದ್ದೇ ಒಳ್ಳೆಯದಾಯಿತು. ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ.

ಎರಡು_ಸಿಲಿಂಡರ್ · ಮಂಗಳವಾರ ರಾತ್ರಿ

ಸಿಕ್ಕಿತು. ಬರಿಗಣ್ಣಿಗೆ ಕೊಳವೆ ಹೊಸದರಂತೆ ಹೊಳೆಯುತ್ತಿತ್ತು. ಬೌಲ್ ಒಣಗಿಸಿ ಒಳಗೆ ಸೋಪಿನ ನೀರು ತುಂಬಿದೆ. ಡ್ರೈನ್ ಸ್ಕ್ರೂ ಬಿಗಿ ಮಾಡಿ, ಕೊಳವೆಯ ಮೇಲಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ, ಕೆಳಗಿನ ಮೂತಿಗೆ ಸಿರಿಂಜ್ ಸಿಕ್ಕಿಸಿ ಮೆಲ್ಲಗೆ ಗಾಳಿ ಒತ್ತಿದೆ. ತಳದ ತೂತಿನಿಂದ ಏನೂ ಬರಲಿಲ್ಲ. ಕೊಳವೆಯ ಪಕ್ಕದಿಂದ ಮಾತ್ರ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಸಾಲಾಗಿ ಎದ್ದವು. ಲೆನ್ಸ್ ಇಟ್ಟು ನೋಡಿದರೆ ಕೂದಲಿನಂಥ ಗೆರೆ. ಉದ್ದಕ್ಕೆ ಸುಮಾರು 6 ಮಿಲಿಮೀಟರ್. ತಳದಿಂದ ಮೂರನೇ ಒಂದು ಭಾಗ ಬಿಟ್ಟು ಶುರು. ಬೌಲ್‌ನಲ್ಲಿ 17 ಮಿಲಿಲೀಟರ್ ಉಳಿದದ್ದು ಯಾಕೆ ಅಂತ ಈಗ ಕಣ್ಣಿಗೇ ಕಂಡಿತು.

ಈಗ ಮುಚ್ಚುವುದು ಹೇಗೆ? ಎಪಾಕ್ಸಿ ಹಚ್ಚಿದರೆ ಸಾಕಾ?

ಸ್ಪ್ಯಾನರ್_ಅಕ್ಕ · ಮಂಗಳವಾರ ರಾತ್ರಿ

ಎಪಾಕ್ಸಿ ಬೇಡ. ಪೆಟ್ರೋಲ್ ತಡೆಯುತ್ತೇವೆ ಅಂತ ಬರೆದಿರುವುದೂ ಇವೆ, ಆದರೆ ತೆಳು ಕೊಳವೆಯ ಮೇಲೆ ಬಿಸಿ, ಅದುರು, ಪೆಟ್ರೋಲ್ ಮೂರೂ ಸೇರಿದರೆ ಎದ್ದು ಬಂದು ಜೆಟ್‌ಗೆ ಸಿಕ್ಕಿಕೊಳ್ಳಬಹುದು. ಬೆಸುಗೆ ಹಾಕಿ. ಹಿತ್ತಾಳೆಗೆ ತವರದ ಬೆಸುಗೆ ಸುಲಭವಾಗಿ ಹಿಡಿಯುತ್ತದೆ.

ಬೌಲನ್ನು ಸೋಪಿನಲ್ಲಿ ತೊಳೆದು ಒಂದು ದಿನ ಗಾಳಿಗೆ ಇಡಿ. ಪೆಟ್ರೋಲ್ ವಾಸನೆ ಒಂಚೂರೂ ಇರಬಾರದು. ಬಿರುಕಿನ ಸುತ್ತ ನಯವಾದ ಎಮರಿ ಪೇಪರ್‌ನಿಂದ ಉಜ್ಜಿ, ಹಿತ್ತಾಳೆ ತಿಳಿ ಹಳದಿಯಾಗಿ ಕಾಣಬೇಕು. ಫ್ಲಕ್ಸ್ ಹಚ್ಚಿ. ದಪ್ಪ ಮೂತಿಯ ಸೋಲ್ಡರಿಂಗ್ ಐರನ್ ಬೇಕು, ಸಣ್ಣದರ ಬಿಸಿಯನ್ನೆಲ್ಲ ಬೌಲ್ ಎಳೆದುಕೊಂಡುಬಿಡುತ್ತದೆ. ಬೆಂಕಿ ಜ್ವಾಲೆ ಮಾತ್ರ ತೋರಿಸಬೇಡಿ. ಸತುವಿನ ಮಿಶ್ರಲೋಹದ ಬೌಲ್ ಆಗಿದ್ದರೆ 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗುತ್ತದೆ. ತವರ ಮತ್ತು ಸೀಸ ಸೇರಿದ ಮಾಮೂಲಿ ಬೆಸುಗೆಗೆ 190 ಡಿಗ್ರಿ ಆಸುಪಾಸು ಸಾಕು.

ಬಿಸಿಯನ್ನು ಕೊಳವೆಗೆ ಕೊಡಿ, ಬೆಸುಗೆ ತಂತಿಗೆ ಅಲ್ಲ. ಕೊಳವೆ ಕಾದರೆ ಬೆಸುಗೆ ತಾನೇ ಹರಿದು ಬಿರುಕಿನೊಳಗೆ ಹೋಗುತ್ತದೆ. ದಪ್ಪವಾಗಿ ಮೆತ್ತಬೇಡಿ, ಫ್ಲೋಟ್‌ಗೆ ತಾಗುತ್ತದೆ. ಮೇಲಿನ ಬಾಯಿ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಅದು ಮುಚ್ಚಿದರೆ ಹೊಸ_ಸವಾರ ಅವರ ಕಥೆ ನಿಮಗೂ ಆಗಬಹುದು. ಆಮೇಲೆ ಫ್ಲಕ್ಸ್ ತೊಳೆದು ಮತ್ತೆ ಸೋಪಿನ ನೀರಿನ ಪರೀಕ್ಷೆ ಮಾಡಿ.

ಎರಡು_ಸಿಲಿಂಡರ್ · ಗುರುವಾರ ರಾತ್ರಿ

ಬೆಸುಗೆ ಚೆನ್ನಾಗಿ ಹಿಡಿಯಿತು, ಗುಳ್ಳೆ ಇಲ್ಲ. ಆದರೆ ಹೊಸ ತಲೆನೋವು. ಬೌಲ್‌ನ ರಬ್ಬರ್ ರಿಂಗ್ ಅದರ ಕಾಲುವೆಯಲ್ಲಿ ಕೂರುತ್ತಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತದೆ. ಉದ್ದ ಆದ ಹಾಗಿದೆ. ಹೊಸದು ತರಲಾ?

ಹಳೇ_ಗ್ಯಾರೇಜ್ · ಗುರುವಾರ ರಾತ್ರಿ

ಬೇಡ. ಅದು ಪೆಟ್ರೋಲ್ ಕುಡಿದು ಊದಿಕೊಂಡಿದೆ. ಒರೆಸಿ ಒಂದೆರಡು ದಿನ ಬಯಲಿಗೆ ಇಡಿ, ಕುಗ್ಗಿ ತನ್ನ ಅಳತೆಗೆ ಬರುತ್ತದೆ. ಬಿರುಕು ಬಿಟ್ಟಿಲ್ಲ, ಚಪ್ಪಟೆ ಆಗಿಲ್ಲ ಅಂದರೆ ಅದನ್ನೇ ಹಾಕಿ. ಎಳೆದು ಕತ್ತರಿಸಿ ಅಂಟಿಸುವ ಕೆಲಸ ಮಾಡಬೇಡಿ.

ಇದರ ಉಲ್ಟಾ ಕೂಡ ಆಗುತ್ತದೆ. ತಿಂಗಳುಗಟ್ಟಲೆ ಒಣಗಿ ನಿಂತ ಗಾಡಿಗೆ ಪೆಟ್ರೋಲ್ ಬಿಟ್ಟ ಕೂಡಲೇ ಬೌಲ್ ಅಂಚಿನಲ್ಲಿ ಒಸರುತ್ತದೆ. ರಬ್ಬರ್ ಮತ್ತೆ ಊದಿಕೊಂಡ ಮೇಲೆ ಎಷ್ಟೋ ಸಲ ತಾನೇ ನಿಲ್ಲುತ್ತದೆ. ಮಾರನೇ ದಿನವೂ ಒಸರುತ್ತಿದ್ದರೆ ಬದಲಾಯಿಸಿ.

ಎರಡು_ಸಿಲಿಂಡರ್ · ಭಾನುವಾರ ರಾತ್ರಿ

ರಿಂಗ್ ಹೂವಿನ ಹಾಗೆ ಕೂತಿತು. ಎಡಗಡೆ ಪೂರ್ತಿ ಒಣ. ಖುಷಿಯಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಬಂದೆ. ಈಗ ಬಲಗಡೆ ಓವರ್‌ಫ್ಲೋದಿಂದ ಹನಿ! ನಿಮಿಷಕ್ಕೆ ಎರಡೋ ಮೂರೋ. ಇಷ್ಟು ದಿನ ಟ್ಯಾಂಕ್‌ನಲ್ಲಿ ಕಾಲು ಭಾಗ ಇತ್ತು, ಆಗ ಇರಲಿಲ್ಲ. ಕಾಕ್ ಆಫ್ ಮಾಡಿದರೆ ಒಂದೆರಡು ಹನಿ ಬಂದು ನಿಲ್ಲುತ್ತದೆ. ಪೈಪ್ ಸಿಕ್ಕಿಸಿ ನೋಡಿದೆ, ಮಟ್ಟ ತುಂಬಾ ನಿಧಾನವಾಗಿ ಏರುತ್ತಿದೆ.

ಹಳೇ_ಗ್ಯಾರೇಜ್ · ಭಾನುವಾರ ರಾತ್ರಿ

ಮಟ್ಟ ಏರುತ್ತಿದೆ, ಕಾಕ್ ಆಫ್ ಮಾಡಿದರೆ ನಿಲ್ಲುತ್ತದೆ. ಇದು ಎಡಗಡೆ ಇದ್ದ ರೋಗ ಅಲ್ಲ. ಇಲ್ಲಿ ಪೆಟ್ರೋಲ್ ನೀಡಲ್ ದಾಟಿ ಬರುತ್ತಿದೆ.

ಟ್ಯಾಂಕ್ ತುಂಬಿದಾಗ ಮಾತ್ರ ಯಾಕೆ ಅಂದರೆ ಒತ್ತಡ. ಕಾರ್ಬೊರೇಟರ್ ಮೇಲೆ 30 ಸೆಂಟಿಮೀಟರ್ ಪೆಟ್ರೋಲ್ ನಿಂತರೆ ಸುಮಾರು 0.02 ಬಾರ್ ಒತ್ತಡ. 2 ಮಿಲಿಮೀಟರ್ ಅಗಲದ ಸೀಟ್ ತೂತಿನಲ್ಲಿ ಅದು ನೀಡಲ್ ಮೇಲೆ ಹಾಕುವ ಭಾರ ಒಂದು ಗ್ರಾಂ ಕೂಡ ಇಲ್ಲ. ನೀಡಲ್‌ನ ಕೆಲಸ ಅಷ್ಟು ನಾಜೂಕು. ಕಾಲು ಟ್ಯಾಂಕ್‌ನಲ್ಲಿ ಹೇಗೋ ತಡೆದದ್ದು ಫುಲ್ ಟ್ಯಾಂಕ್‌ನಲ್ಲಿ ಸೋಲುತ್ತದೆ. ಇದಕ್ಕೇ ಹೇಳುವುದು, ಕಂಪ್ರೆಸರ್ ಗಾಳಿಯನ್ನು ಪೆಟ್ರೋಲ್ ಪೈಪ್‌ಗೆ ಇಟ್ಟು ನೀಡಲ್ ಪರೀಕ್ಷೆ ಮಾಡಬೇಡಿ ಅಂತ. ಅದರ ಒತ್ತಡ ನೂರಾರು ಪಟ್ಟು ಜಾಸ್ತಿ.

ಬಿಚ್ಚಿ. ನೀಡಲ್ ತುದಿಯನ್ನು ಉಗುರಿನಿಂದ ಸವರಿ. ಸುತ್ತಲೂ ಉಂಗುರದಂಥ ಗೀರು ಬಿದ್ದಿದ್ದರೆ ಅದು ಸವೆದಿದೆ. ಸೀಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿದ್ದರೆ ಹತ್ತಿ ಸುತ್ತಿದ ಕಡ್ಡಿಗೆ ಹಿತ್ತಾಳೆ ಪಾಲಿಶ್ ಹಚ್ಚಿ ಬೆರಳಲ್ಲಿ ತಿರುಗಿಸಿ, ಹೊಳೆಯುವವರೆಗೆ. ಡ್ರಿಲ್‌ಗೆ ಹಾಕಿ ತಿರುಗಿಸಬೇಡಿ. ಆಮೇಲೆ ಚೆನ್ನಾಗಿ ತೊಳೆಯಿರಿ.

ಸ್ಪ್ಯಾನರ್_ಅಕ್ಕ · ಸೋಮವಾರ ಬೆಳಿಗ್ಗೆ

ಅದರ ಜೊತೆಗೆ ಸೀಟ್ ಹಿಂದಿನ ಓ-ರಿಂಗ್ ನೋಡಿ. ಕೆಲವು ಕೀಹಿನ್ ಕಂಪನಿಯ ಕಾರ್ಬೊರೇಟರ್‌ಗಳಲ್ಲಿ ಸೀಟನ್ನು ಒತ್ತಿ ಕೂರಿಸಿರುತ್ತಾರೆ, ಹೊರಬರುವುದಿಲ್ಲ. ಮಿಕುನಿ ಕಂಪನಿಯ ಹಲವು ಕಾರ್ಬೊರೇಟರ್‌ಗಳಲ್ಲಿ ಸೀಟ್ ಬಿಚ್ಚಬಹುದು, ಅದರ ಸುತ್ತ ಒಂದು ಸಣ್ಣ ಓ-ರಿಂಗ್ ಇರುತ್ತದೆ. ಆ ರಬ್ಬರ್ ಸತ್ತಿದ್ದರೆ ನೀಡಲ್ ಎಷ್ಟೇ ಗಟ್ಟಿಯಾಗಿ ಮುಚ್ಚಿದರೂ ಪೆಟ್ರೋಲ್ ಸೀಟಿನ ಹೊರಮೈ ಸುತ್ತಿಕೊಂಡು ಬೌಲ್‌ಗೆ ಇಳಿಯುತ್ತದೆ. ಹೊಸ ನೀಡಲ್ ಹಾಕಿಯೂ ಸೋರಿದರೆ ನಾನು ಮೊದಲು ನೋಡುವುದು ಇದನ್ನೇ.

ಎರಡು_ಸಿಲಿಂಡರ್ · ಮಂಗಳವಾರ ರಾತ್ರಿ

ಅಕ್ಕಾ, ಅದೇ! ಸೀಟ್ ಎಳೆದಾಗ ಓ-ರಿಂಗ್ ಜೊತೆಗೇ ಬಂತು. ಗುಂಡಗೆ ಇರಬೇಕಾದ್ದು ಚೌಕಾಕಾರವಾಗಿ ಚಪ್ಪಟೆಯಾಗಿತ್ತು, ಪ್ಲಾಸ್ಟಿಕ್‌ನಂತೆ ಗಟ್ಟಿ. ಉಗುರು ಒತ್ತಿದರೆ ಗುರುತೂ ಬೀಳಲಿಲ್ಲ. ಎಡಗಡೆಯದೂ ತೆಗೆದೆ, ಅದೂ ಅದೇ ಗತಿಗೆ ಹತ್ತಿರ ಇತ್ತು. ಕಿಟ್‌ನಲ್ಲಿ ಈ ಓ-ರಿಂಗ್ ಬಂದಿತ್ತು, ಎಲ್ಲಿಗೆ ಅಂತ ಗೊತ್ತಾಗದೆ ಡಬ್ಬಿಯಲ್ಲೇ ಬಿಟ್ಟಿದ್ದೆ. ಎರಡಕ್ಕೂ ಹಾಕಿದೆ. ಕಾರ್ಬೊರೇಟರ್ ತಲೆಕೆಳಗೆ ಹಿಡಿದು ಪೆಟ್ರೋಲ್ ಮೂತಿಗೆ ಸಿರಿಂಜ್ ಇಟ್ಟು ಮೆಲ್ಲಗೆ ಒತ್ತಿದರೆ ಸಿರಿಂಜ್‌ನ ಪಿಸ್ಟನ್ ವಾಪಸ್ ಬರುತ್ತದೆ, ಗಾಳಿ ಹೋಗುವುದಿಲ್ಲ. ಮೊದಲು ಬಲಗಡೆಯದರಲ್ಲಿ ಸರಾಗವಾಗಿ ಹೋಗುತ್ತಿತ್ತು.

ಇನ್ನೊಂದು ವಿಷಯ ಗಮನಕ್ಕೆ ಬಂತು. ಎಡಗಡೆಗೆ ಹಾಕಿದ್ದ ಕಿಟ್ ನೀಡಲನ್ನು ಕಂಪನಿಯ ಹಳೇ ನೀಡಲ್ ಪಕ್ಕ ಇಟ್ಟು ನೋಡಿದೆ. ಕಿಟ್‌ನದು ಒಂಚೂರು ಗಿಡ್ಡ. ಹಳೆಯದರ ತುದಿಯಲ್ಲಿ ಗೀರೇ ಇಲ್ಲ.

ಸ್ಪ್ಯಾನರ್_ಅಕ್ಕ · ಮಂಗಳವಾರ ರಾತ್ರಿ

ನೀಡಲ್ ಗಿಡ್ಡ ಇದ್ದರೆ ಮುಚ್ಚಲು ಫ್ಲೋಟ್ ಇನ್ನೂ ಮೇಲೆ ಏರಬೇಕು. ಎಡಗಡೆ ಅರ್ಧ ಮಿಲಿಮೀಟರ್ ಜಾಸ್ತಿ ಇದ್ದದ್ದು ಅದಕ್ಕೇ ಇರಬೇಕು. ಹಳೆಯದನ್ನೇ ಹಾಕಿ ಮತ್ತೆ ಅಳೆಯಿರಿ. ನಾಲಿಗೆ ಬಗ್ಗಿಸುವ ಮಾತು ಆಮೇಲೆ.

ನಿಧಾನ_ಸವಾರಿ · ಬುಧವಾರ ಬೆಳಿಗ್ಗೆ

ನಾನೂ ನಿನ್ನೆ ಪೈಪ್ ಸಿಕ್ಕಿಸಿ ಅಳೆದೆ. ನನ್ನದು ಪುಸ್ತಕದ ಅಳತೆಗಿಂತ 2 ಮಿಲಿಮೀಟರ್ ಕೆಳಗಿದೆ. ಎತ್ತರದ ರಸ್ತೆಯಲ್ಲಿ ಗಾಡಿ ತಡವರಿಸುತ್ತಿದ್ದದ್ದಕ್ಕೆ ಮೈನ್ ಜೆಟ್ ಬದಲಾಯಿಸಲು ಹೊರಟಿದ್ದೆ. ಭಾನುವಾರ ಬೌಲ್ ಬಿಚ್ಚಿ ಮೊದಲು ಕೊಳವೆ, ಓ-ರಿಂಗ್ ನೋಡಿ, ನಾಲಿಗೆಯನ್ನು ಅಳತೆಗೆ ತರುತ್ತೇನೆ.

ಎರಡು_ಸಿಲಿಂಡರ್ · ಮೂರು ವಾರದ ನಂತರ, ಶನಿವಾರ

ಹಳೇ ನೀಡಲ್‌ಗಳನ್ನೇ ವಾಪಸ್ ಹಾಕಿದೆ. ನಾಲಿಗೆ ಮುಟ್ಟಲಿಲ್ಲ. ಎಡಗಡೆ 3.5, ಬಲಗಡೆ 3.5. ಟ್ಯಾಂಕ್ ಫುಲ್ ಇಟ್ಟು, ಸೈಡ್ ಸ್ಟ್ಯಾಂಡ್ ಹಾಕಿ, ಪರೀಕ್ಷೆಗೆ ಅಂತಲೇ ಒಂದು ರಾತ್ರಿ ಗಾಡಿಯನ್ನು ಹೊರಗೆ ನಿಲ್ಲಿಸಿ ಕಾಕ್ ಆನ್ ಬಿಟ್ಟೆ. ಎರಡೂ ಪೈಪ್ ಕೆಳಗೆ ಬಿಳಿ ಹಾಳೆ ಹಾಸಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಟಾರ್ಚ್ ಹಿಡಿದು ಹೋಗಿ ನೋಡಿದೆ. ಎರಡು ಹಾಳೆಯ ಮೇಲೂ ಇಬ್ಬನಿ ಬಿಟ್ಟರೆ ಏನೂ ಇರಲಿಲ್ಲ.